ಬೀಡಿ ಸೇದದವರ ಎದೆ ಯಾಕೆ ಕೆಡುತ್ತದೆ?

ಈ ಸಲ ಬಂದ ಕಾಗದಗಳಲ್ಲಿ ಬಹುಪಾಲು ಧೂಳು, ಹೊಗೆ, ಥಿನ್ನರ್ ವಾಸನೆಯ ಬಗ್ಗೆಯೇ ಇದ್ದವು. ಹಾಗಾಗಿ ಥೈರಾಯ್ಡ್, ಸಕ್ಕರೆ ಕಾಯಿಲೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಔಷಧಿ ಬರೆದುಕೊಡುವ ಡಾಕ್ಟರಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಓದುವ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವಳು. ಮೈಯೊಳಗೆ ಏನು ನಡೆಯುತ್ತದೆ ಅಂತ ಹೇಳಬಲ್ಲೆ. ಯಾವ ಮಾತ್ರೆ ನುಂಗಬೇಕು ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಬರೆದವರ ಹೆಸರು, ಅವರು ದುಡಿಯುವ ಜಾಗದ ಹೆಸರು ಎರಡನ್ನೂ ಬಿಟ್ಟಿದ್ದೇನೆ. ಕೆಲಸ ಹೋದೀತು ಅನ್ನುವ ಭಯ ಎಲ್ಲರಿಗೂ ಇರುತ್ತದೆ.

ಪ್ರಶ್ನೆ: ನಮ್ಮ ಅಪ್ಪ ಚಿಕ್ಕ ವಯಸ್ಸಿನಿಂದ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಬೀಡಿ, ಸಿಗರೇಟ್ ಯಾವತ್ತೂ ಮುಟ್ಟಿಲ್ಲ. ಇನ್ನೂ ಐವತ್ತೆರಡು ವರ್ಷ, ಆಗಲೇ ಮಹಡಿ ಹತ್ತಿದರೆ ಏದುಸಿರು. ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಊದಿಸಿ ನೋಡಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಕಾಯಿಲೆ) ಅಂದರು. ಬೀಡಿ ಸೇದದವರಿಗೆ ಅದು ಹೇಗೆ ಬರುತ್ತೆ ಮೇಡಂ? ಧೂಳು ಎದೆಯಲ್ಲಿ ತುಂಬಿಕೊಂಡಿದ್ದರೆ ತೊಳೆದು ತೆಗೆಯೋಕೆ ಆಗಲ್ವಾ?
(ದಾವಣಗೆರೆ)

ಉತ್ತರ: ಎದೆಯಲ್ಲಿ ಧೂಳು ತುಂಬಿಕೊಳ್ಳುವುದಷ್ಟೇ ಆಗಿದ್ದರೆ ಅರ್ಧ ತಾಪತ್ರಯ ಇರುತ್ತಿರಲಿಲ್ಲ. ಒಳಗೆ ಹೋದದ್ದು ಸುಮ್ನೆ ಕೂರುವುದಿಲ್ಲ, ಕಷ್ಟ ಇರುವುದು ಅಲ್ಲಿ.

ನಿಮ್ಮ ಅಪ್ಪ ಉಸಿರಾಡಿದ್ದು ಏನನ್ನು ಅಂತ ಮೊದಲು ನೋಡೋಣ. ಭಟ್ಟಿಯ ಕೆಲಸವನ್ನು ಹತ್ತಿರ ನಿಂತು ನೋಡಿದ್ದೇನೆ. ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಉಪ್ಪು ಹಿಡಿಸಿದ ಅಕ್ಕಿ ಅದಕ್ಕೆ ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳುತ್ತದೆ. ಮರಳಿನ ಸಮೇತ ಅದನ್ನು ಎತ್ತಿ ಜರಡಿಗೆ ಸುರಿಯುತ್ತಾರೆ. ಜರಡಿ ಆಡಿಸುವವನ ಮುಖಕ್ಕೂ ಜರಡಿಗೂ ಇರುವ ಅಂತರ ಒಂದು ಮೊಳ. ಕೆಳಗೆ ಇನ್ನೊಬ್ಬ ಒಲೆಯ ಬಾಯಿಗೆ ಭತ್ತದ ಹೊಟ್ಟು ಹಾಕುತ್ತಿರುತ್ತಾನೆ. ಹಳೇ ಟೈರಿನ ಚೂರು ಕೆಲವು ಒಲೆಗಳಿಗೆ ಹೋಗುತ್ತಿತ್ತು ಅನ್ನುವುದು ಊರಿಗೇ ಗೊತ್ತಿರುವ ವಿಷಯ. ಮರಳು ಅಂದರೆ ಬಹುಪಾಲು ಬೆಣಚುಕಲ್ಲು, ಅಂದರೆ ಸಿಲಿಕಾ. ಹೊಟ್ಟಿನ ಬೂದಿಯಲ್ಲೂ ಶೇ 85ರಿಂದ 95ರಷ್ಟು ಸಿಲಿಕಾನೇ. ಹೊಟ್ಟು ಹದವಾಗಿ ಉರಿದರೆ ಆ ಸಿಲಿಕಾ ಅಷ್ಟೇನೂ ಕೆಟ್ಟದ್ದಲ್ಲ. ಬೆಂಕಿ ತೀರಾ ಜೋರಾದರೆ ಅದು ಹರಳುಗಟ್ಟುತ್ತದೆ, ಆಗ ಅಪಾಯ. ಇದೆಲ್ಲದರ ಮೇಲೆ ಹೊಗೆ. (ಹಾಗಾದರೆ ಮಂಡಕ್ಕಿ ತಿನ್ನೋದು ಬಿಡಬೇಕಾ ಅಂತ ಇನ್ನೊಂದು ಕಾಗದ ಬರೆಯಬೇಡಿ. ತಿನ್ನುವವರ ಕಥೆ ಬೇರೆ, ಉಸಿರಾಡುವವರ ಕಥೆ ಬೇರೆ. ಖಾರ ಮಂಡಕ್ಕಿ, ಮಿರ್ಚಿ ನಾನಂತೂ ಬಿಟ್ಟಿಲ್ಲ.)

ಇದರಲ್ಲಿ ದಪ್ಪ ಧೂಳು ಮೂಗಲ್ಲೇ ನಿಲ್ಲುತ್ತದೆ, ಸೀನಿದರೆ ಹೋಯಿತು. 10 ಮೈಕ್ರಾನಿಗಿಂತ ಸಣ್ಣದು ಗಂಟಲು ದಾಟುತ್ತದೆ. 2.5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಕೊನೆಯ ಗಾಳಿಚೀಲದ ತನಕ ಇಳಿಯುತ್ತದೆ. ತಲೆಕೂದಲಿನ ದಪ್ಪವೇ 50ರಿಂದ 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಜೊತೆಗೆ, ಸುಮ್ಮನೆ ಕೂತವರು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಎಳೆದುಕೊಂಡರೆ ಮೈಮುರಿದು ದುಡಿಯುವವರು 40 ಲೀಟರ್ ಎಳೆದುಕೊಳ್ಳಬಹುದು. ಅದೂ ಬಾಯಿಂದ. ಮೂಗಿನ ಕಾವಲು ಅಲ್ಲಿಗೆ ಮುಗಿಯಿತು.

ಈಗ ಒಳಗಿನ ಕಥೆ. ನಮ್ಮ ಜೀವಕೋಶಗಳಲ್ಲೂ ಒಂದೊಂದು ಭಟ್ಟಿ ಉರಿಯುತ್ತಿದೆ ಅಂದುಕೊಳ್ಳಿ. ಮೈಟೊಕಾಂಡ್ರಿಯಾ ಅಂತ ಹೆಸರು. ಆಮ್ಲಜನಕ ಬಳಸಿ, ತಿಂದ ಅನ್ನದಿಂದ ಶಕ್ತಿ ತೆಗೆಯುವುದು ಅದರ ಕೆಲಸ. ಉರಿ ಇದ್ದ ಮೇಲೆ ಕಿಡಿ ಹಾರಲೇಬೇಕಲ್ವಾ? ಸ್ವಲ್ಪ ಆಮ್ಲಜನಕ ಪೂರ್ತಿ ನೀರಾಗದೆ, ಒಂದು ಎಲೆಕ್ಟ್ರಾನನ್ನು ಮಾತ್ರ ಹಿಡಿದುಕೊಂಡು ಸೂಪರಾಕ್ಸೈಡ್ ಆಗಿ ಹೊರಗೆ ಬೀಳುತ್ತದೆ. ಅದನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುವ ಕಿಣ್ವವನ್ನು 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದರು. ಆ ಪೆರಾಕ್ಸೈಡನ್ನು ಕ್ಯಾಟಲೇಸ್ ಒಂದು ಕಡೆ, ಗ್ಲುಟಥಯೋನ್ ಇನ್ನೊಂದು ಕಡೆ ನೀರು ಮಾಡಿ ಮುಗಿಸುತ್ತವೆ. ಕಿಡಿ ಹಾರುವುದೂ ಆರಿಸುವುದೂ ಸಮ ಇರುವ ತನಕ ತೊಂದರೆ ಇಲ್ಲ. ಕಿಡಿ ಜಾಸ್ತಿಯಾಗಿ ಆರಿಸುವವರು ಸೋತರೆ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತೇವೆ.

ಹೊಗೆ, ಧೂಳಿನ ಕಣ ಎರಡು ದಾರಿಯಲ್ಲಿ ಈ ಲೆಕ್ಕ ತಪ್ಪಿಸುತ್ತದೆ. ಒಂದು, ಅದು ಹೊತ್ತು ತಂದ ಕಬ್ಬಿಣ, ತಾಮ್ರ. ಕಬ್ಬಿಣದ ಲವಣಕ್ಕೆ ಪೆರಾಕ್ಸೈಡ್ ಸೇರಿದರೆ ಎಷ್ಟು ಉಗ್ರ ಉತ್ಕರ್ಷಣ ನಡೆಯುತ್ತದೆ ಅಂತ ಇಂಗ್ಲೆಂಡಿನ ಫೆಂಟನ್ 1894ರಲ್ಲೇ ತೋರಿಸಿದ್ದರು. ಅಲ್ಲಿ ಹುಟ್ಟುವುದು, ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡು ಸಿಕ್ಕಿದ್ದರ ಮೇಲೆ ಬೀಳುವ ಹೈಡ್ರಾಕ್ಸಿಲ್ ರ‍್ಯಾಡಿಕಲ್. ಇದನ್ನು ಆರಿಸಲು ನಮ್ಮಲ್ಲಿ ಕಿಣ್ವವೇ ಇಲ್ಲ. ಹುಟ್ಟಿದ ಜಾಗದಲ್ಲೇ, ಪಕ್ಕಕ್ಕೆ ಸಿಕ್ಕಿದ್ದನ್ನು ಕೆಡಿಸುತ್ತದೆ. ಜೀವಕೋಶದ ಪೊರೆಯ ಕೊಬ್ಬು ಸಿಕ್ಕಿದರೆ ಒಂದರಿಂದ ಒಂದಕ್ಕೆ ಹಬ್ಬುತ್ತದೆ. ಡಿಎನ್‌ಎ ಸಿಕ್ಕಿದರೆ ಅದರ ಅಕ್ಷರ ತಿದ್ದುತ್ತದೆ, ಕ್ಯಾನ್ಸರಿನ ಬೀಜ ಬೀಳುವ ಒಂದು ದಾರಿ ಇದು. ಹೊಗೆಯಲ್ಲಿ ಕ್ವಿನೋನ್ ಅನ್ನುವ ಇನ್ನೊಂದು ಗುಂಪಿನ ವಸ್ತುಗಳಿವೆ. ಅವು ಜೀವಕೋಶದಿಂದ ಎಲೆಕ್ಟ್ರಾನ್ ಕಿತ್ತು ಆಮ್ಲಜನಕಕ್ಕೆ ದಾಟಿಸಿ, ಮತ್ತೆ ಖಾಲಿ ಕೈಯಲ್ಲಿ ವಾಪಸ್ ಬರುತ್ತವೆ. ಒಂದೇ ಅಣು ಇದನ್ನು ಎಷ್ಟೋ ಸಲ ಮಾಡಬಲ್ಲದು. ಅದಕ್ಕೇ ಚಿಟಿಕೆ ಹೊಗೆಯೂ ತನ್ನ ತೂಕಕ್ಕೆ ಮೀರಿ ಕೆಡಿಸುತ್ತದೆ.

ಎರಡನೇ ದಾರಿ ನಮ್ಮದೇ ಬಿಳಿ ರಕ್ತಕಣಗಳದ್ದು. ಬ್ಯಾಕ್ಟೀರಿಯಾ ಬಂದರೆ ಕೊಲ್ಲಲೆಂದೇ ಅವು ಬೇಕಂತಲೇ ಸೂಪರಾಕ್ಸೈಡ್ ಕಾರುತ್ತವೆ. ಧೂಳಿನ ಮೇಲೂ ಅದನ್ನೇ ಕಾರುತ್ತವೆ. ಧೂಳು ಸಾಯುವ ವಸ್ತುವಲ್ಲ. ಸುತ್ತಲಿನ ಮಾಂಸವೇ ಬೇಯುತ್ತದೆ. ಇದೇ ಗಲಾಟೆಯಲ್ಲಿ ಎಲಾಸ್ಟೇಸ್ ಅನ್ನುವ ಕಿಣ್ವವೂ ಹೊರಗೆ ಬರುತ್ತದೆ. ಗಾಳಿಚೀಲ ಹಿಗ್ಗಿ ಕುಗ್ಗಲು ಬೇಕಾದ ಎಲಾಸ್ಟಿನ್ ನಾರನ್ನು ಅದು ಕಡಿಯುತ್ತದೆ. ಅದನ್ನು ತಡೆಯಲು ರಕ್ತದಲ್ಲಿ ಒಂದು ಪ್ರೋಟೀನ್ ಇದೆ, ಆಲ್ಫಾ-1 ಆಂಟಿಟ್ರಿಪ್ಸಿನ್. ಸೂಪರಾಕ್ಸೈಡ್, ಪೆರಾಕ್ಸೈಡ್‌ನಂಥ ಈ ಕಿಡಿಗಳು, ಅಂದರೆ ಆಕ್ಸಿಡೆಂಟ್‌ಗಳು (ಅಪಘಾತ ಅಲ್ಲ), ತಗುಲಿದರೆ ಆ ತಡೆಯೂ ನಿಂತುಹೋಗುತ್ತದೆ. ಹೋದ ನಾರು ವಾಪಸ್ ಕಟ್ಟುವುದಿಲ್ಲ. ಇಷ್ಟಕ್ಕೆ ಬೀಡಿಯೇ ಬೇಕು ಅಂತ ಏನೂ ಇಲ್ಲ. ಸೌದೆ ಒಲೆ ಊದಿದ ಅಜ್ಜಿಯರಿಗೂ ಇದೇ ಕಾಯಿಲೆ ಬರುತ್ತದೆ.

ತೊಳೆದು ತೆಗೆಯೋಕೆ ಆಗಲ್ಲ. ದೊಡ್ಡ ಕೊಳವೆಗಳಲ್ಲಿರುವ ಧೂಳನ್ನು ಕಫ ಮೇಲಕ್ಕೆ ತಳ್ಳುತ್ತದೆ. ಕೊನೆಯ ಚೀಲದ ಧೂಳಿಗೆ ಆ ವ್ಯವಸ್ಥೆ ಇಲ್ಲ. ಅಪ್ಪ ಭಟ್ಟಿಯಿಂದ ದೂರ ಆದರೆ ಮುಂದಿನ ಹಾನಿ ನಿಧಾನ ಆಗುತ್ತದೆ. ಡಾಕ್ಟರ್ ಕೊಟ್ಟ ಇನ್ಹೇಲರನ್ನು ಅವರ ಎದುರಿಗೇ ಎಳೆದು ತೋರಿಸಲಿ. ಅರ್ಧ ಜನ ಅದನ್ನು ನಾಲಿಗೆಗೆ ಹೊಡೆದುಕೊಂಡು, ಔಷಧಿ ಕೆಲಸ ಮಾಡ್ತಿಲ್ಲ ಅಂತಾರೆ. ಫ್ಲೂ, ನ್ಯುಮೋನಿಯಾ ಲಸಿಕೆ ಕೇಳಿ. ದಿನಾ ನಡೆಯಲಿ, ಏದುಸಿರಿಗೆ ಹೆದರಿ ಮಂಚ ಹಿಡಿಯುವುದು ಬೇಡ.

ಪ್ರಶ್ನೆ: ನಮ್ಮ ಯಜಮಾನರು ಚಿತ್ರದುರ್ಗದ ಹತ್ತಿರ ಜಲ್ಲಿ ಕ್ರಷರ್‌ನಲ್ಲಿ ಇದ್ದರು. ಹೋದ ಸಲ ಟಿಬಿ ಅಂತ ಆರು ತಿಂಗಳು ಮಾತ್ರೆ ತಿಂದರು. ಕಫದಲ್ಲಿ ಏನೂ ಬಂದಿರಲಿಲ್ಲ. ಈಗ ಮತ್ತೆ ಟಿಬಿ ಇರಬಹುದು ಅಂತಿದ್ದಾರೆ. ಕೆಲಸ ಬಿಟ್ಟು ಎರಡು ವರ್ಷ ಆಯ್ತು ಅಕ್ಕಾ, ಧೂಳೇ ಇಲ್ಲ. ಆದರೂ ಯಾಕೆ ಜಾಸ್ತಿ ಆಗ್ತಾ ಐತೆ?
(ಚಿತ್ರದುರ್ಗ ತಾಲ್ಲೂಕು)

ಉತ್ತರ: ತಂಗಿ, ಕೆಲಸ ಬಿಟ್ಟ ಮೇಲೂ ಜಾಸ್ತಿ ಆಗುತ್ತಿದೆ ಅಂದಿರಲ್ಲ, ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ ಮಾತೇ ಅದು. ಚೀಟಿ ಮಾಡಿಸುವಾಗ ಕಸುಬು ಕೇಳಿದರೆ ‘ಕೂಲಿ’ ಅಂತ ಬರೆಸಬೇಡಿ. ‘ಕ್ರಷರ್‌ನಲ್ಲಿ ಇಷ್ಟು ವರ್ಷ, ಒಣ ಕಲ್ಲಿನ ಧೂಳಿನಲ್ಲಿ’ ಅಂತ ಬಾಯಿಬಿಟ್ಟು ಹೇಳಿ. ಸಿಲಿಕಾ ಧೂಳಿನಿಂದ ಶ್ವಾಸಕೋಶದಲ್ಲಿ ಗಟ್ಟಿ ನಾರು ಕಟ್ಟುವ ಕಾಯಿಲೆಗೆ ಸಿಲಿಕೋಸಿಸ್ ಅನ್ನುತ್ತಾರೆ. ಸಿಲಿಕೋಸಿಸ್‌ನ ಕಲೆಗಳು ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುತ್ತವೆ. ಟಿಬಿಯ ಕಲೆಯೂ ಹೆಚ್ಚಾಗಿ ಅಲ್ಲೇ. ಕಸುಬು ಗೊತ್ತಿಲ್ಲದ ಡಾಕ್ಟರ್ ನಮ್ಮ ಊರುಗಳಲ್ಲಿ ಮೊದಲು ಟಿಬಿ ಅಂತಲೇ ಯೋಚಿಸುತ್ತಾರೆ. ಅವರದ್ದೂ ತಪ್ಪಲ್ಲ.

ಗ್ರಾನೈಟಿನಲ್ಲಿ ಶೇ 20ರಿಂದ 60ರಷ್ಟು ಬೆಣಚುಕಲ್ಲು ಇರುತ್ತದೆ. ಅದು ಕೋಟೆ ಗೋಡೆಯಲ್ಲಿದ್ದರೆ ಯಾರಿಗೂ ಏನೂ ಮಾಡುವುದಿಲ್ಲ. ಒಡೆದಾಗ ಕಥೆ ಬದಲಾಗುತ್ತದೆ. ಸಿಲಿಕಾನ್‌ಗೂ ಆಮ್ಲಜನಕಕ್ಕೂ ಇದ್ದ ಬಂಧ ಮುರಿದು, ಹೊಸದಾಗಿ ಸೀಳಿದ ಮುಖದ ಮೇಲೆ ರ‍್ಯಾಡಿಕಲ್‌ಗಳು ಹುಟ್ಟಿಕೊಳ್ಳುತ್ತವೆ. ಇದೀಗ ಒಡೆದ ಧೂಳು ಹಳೇ ಧೂಳಿಗಿಂತ ಜಾಸ್ತಿ ಕೆಟ್ಟದ್ದು ಅನ್ನುವುದು ಅದಕ್ಕೇ. ಕ್ರಷರ್, ಎಂ-ಸ್ಯಾಂಡ್ ಘಟಕ, ಬಂಡೆಗೆ ರಂಧ್ರ ಕೊರೆಯುವ ಜಾಗ, ಎಲ್ಲ ಕಡೆಯೂ ಕೆಲಸಗಾರರ ಮೂಗಿಗೆ ಸಿಗುವುದು ಇದೀಗ ಒಡೆದದ್ದೇ.

ಆ ಹರಳನ್ನು ಶ್ವಾಸಕೋಶದ ಮ್ಯಾಕ್ರೋಫೇಜ್ ಅನ್ನುವ ಕಣ ನುಂಗುತ್ತದೆ. ನುಂಗಿದ್ದನ್ನು ಅರಗಿಸುವ ಒಂದು ಚೀಲ ಅದರೊಳಗೆ ಇರುತ್ತದೆ, ಲೈಸೋಸೋಮ್. ಸಿಲಿಕಾ ಆ ಚೀಲವನ್ನೇ ಹರಿಯುತ್ತದೆ. ಒಳಗಿನ ಕಿಣ್ವ ಸೋರಿ ಕಣ ಸಾಯುತ್ತದೆ. ಸಾಯುವಾಗ ಉರಿಯೂತದ ಸುದ್ದಿ ಹರಡಿ, ಹರಳನ್ನು ಹಾಗೇ ವಾಪಸ್ ಉಗುಳುತ್ತದೆ. ಇನ್ನೊಂದು ಕಣ ಬಂದು ಅದೇ ಹರಳನ್ನು ನುಂಗುತ್ತದೆ. ಅದೂ ಸಾಯುತ್ತದೆ. ಹರಳಿಗೆ ಏನೂ ಆಗುವುದಿಲ್ಲ. ಪ್ರತಿ ಸುತ್ತಿಗೂ ಒಂದಿಷ್ಟು ಆಕ್ಸಿಡೆಂಟ್, ಒಂದಿಷ್ಟು ಗಾಯ, ಗಾಯದ ಮೇಲೆ ಒಂದಿಷ್ಟು ಗಟ್ಟಿ ನಾರು. ನಿಮ್ಮ ಯಜಮಾನರು ಕ್ರಷರ್ ಬಿಟ್ಟಿದ್ದಾರೆ, ಧೂಳು ಅವರನ್ನು ಬಿಟ್ಟಿಲ್ಲ.

ಹಾಗಂತ ಇದು ಟಿಬಿ ಅಲ್ಲವೇ ಅಲ್ಲ ಅಂತ ನಾನು ಹೇಳಲಾರೆ. ಟಿಬಿ ಬ್ಯಾಕ್ಟೀರಿಯಾವನ್ನು ಹಿಡಿದು ಕೊಲ್ಲಬೇಕಾದದ್ದೂ ಇದೇ ಮ್ಯಾಕ್ರೋಫೇಜ್. ಅದು ಸಿಲಿಕಾ ತಿಂದು ಸಾಯುತ್ತಿದ್ದರೆ ಟಿಬಿಗೆ ಬಾಗಿಲು ತೆಗೆದ ಹಾಗೇ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಅಪಾಯ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಎರಡೂ ಒಟ್ಟಿಗೇ ಇರಬಹುದು. ಆದ್ದರಿಂದ ಮಾತ್ರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಕಫವನ್ನು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಮೆಷಿನ್ನಿನಲ್ಲಿ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹಳೇ ಎಕ್ಸ್-ರೇ ಇದ್ದರೆ ಕವರಿನ ಸಮೇತ ಒಯ್ಯಿರಿ, ಹೊಸದರ ಪಕ್ಕ ಇಟ್ಟು ನೋಡುವುದೇ ದೊಡ್ಡ ಸಹಾಯ. ಎದೆರೋಗದ ತಜ್ಞರು ಸಿಟಿ ಸ್ಕ್ಯಾನ್ ಬೇಕು ಅಂದರೆ ಮಾಡಿಸಿ. ಸಿಲಿಕೋಸಿಸ್ ಅಂತ ಬರೆದುಕೊಟ್ಟರೆ ಆ ಕಾಗದ ಜೋಪಾನ. ಕಾನೂನಿನಲ್ಲಿ ಅದು ಕಸುಬಿನಿಂದ ಬರುವ ರೋಗ, ಪರಿಹಾರ ಕೇಳುವ ಹಕ್ಕಿದೆ. ಇಎಸ್‌ಐ ಕಾರ್ಡ್ ಇತ್ತೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅಲ್ಲಿಂದಲೇ ಶುರು ಮಾಡಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಇದನ್ನು ಓದುವ ಕ್ರಷರ್ ಮಾಲೀಕರು ಇದ್ದರೆ ಒಂದು ಮಾತು ಕೇಳಿ. ಒಡೆಯುವ ಬಾಯಿಗೂ ಬೆಲ್ಟ್ ಸುರಿಯುವ ಜಾಗಕ್ಕೂ ನೀರಿನ ಸಿಂಪರಣೆ ಹಾಕಿಸಿ, ಜರಡಿಯನ್ನು ಮುಚ್ಚಿಸಿ. ಇನ್ಸ್‌ಪೆಕ್ಷನ್ ದಿನ ಮಾತ್ರ ನೀರು ಬಿಡುವುದನ್ನು ಎಲ್ಲರೂ ನೋಡಿದ್ದಾರೆ.

ಪ್ರಶ್ನೆ: ನಾನು ಬಿಎಸ್ಸಿ ಓದುತ್ತಿದ್ದೇನೆ. ಫ್ರೀ ರ‍್ಯಾಡಿಕಲ್‌ಗಳಿಂದಲೇ ಹಾನಿ ಅಂದಮೇಲೆ ಧೂಳಿನಲ್ಲಿ ದುಡಿಯುವವರಿಗೆಲ್ಲ ಆಂಟಿ-ಆಕ್ಸಿಡೆಂಟ್ ಮಾತ್ರೆ ಹಂಚಿದರೆ ಆಯ್ತಲ್ವಾ ಮೇಡಂ? ಮಾಸ್ಕಿಗಿಂತ ಸುಲಭ.
(ಹರಿಹರ)

ಉತ್ತರ: ನೀನು ಕೇಳಿದ್ದನ್ನೇ ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿ, ಮಾಡಿಯೂ ನೋಡಿದರು ಮಗು. ಫಿನ್‌ಲೆಂಡಿನಲ್ಲಿ ಸಿಗರೇಟ್ ಸೇದುವ 29,133 ಗಂಡಸರನ್ನು ಆರಿಸಿ ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಅನ್ನುವ ಆಂಟಿ-ಆಕ್ಸಿಡೆಂಟ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ. ಕಡಿಮೆ ಅಲ್ಲ, ಜಾಸ್ತಿ! ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. 18,314 ಜನ. ಸಿಗರೇಟಿನವರ ಜೊತೆ ಆಸ್‌ಬೆಸ್ಟಾಸ್ ಧೂಳಿನಲ್ಲಿ ದುಡಿದ ಕಾರ್ಮಿಕರೂ ಇದ್ದರು, ಅಂದರೆ ನೀನು ಹೇಳುವಂಥವರೇ. ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಟ್ಟಿದ್ದರು. 1996ರ ಜನವರಿಯಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಕ್ಯಾನ್ಸರ್ ಶೇ 28ರಷ್ಟು, ಸಾವು ಶೇ 17ರಷ್ಟು ಹೆಚ್ಚಾಗಿತ್ತು.

ಯಾಕೆ ಹೀಗಾಯ್ತು ಅನ್ನುವುದಕ್ಕೆ ಹಲವು ವಿವರಣೆಗಳಿವೆ. ಹೊಗೆ ಮತ್ತು ಆಮ್ಲಜನಕ ಎರಡೂ ಜಾಸ್ತಿ ಇರುವ ಶ್ವಾಸಕೋಶದಲ್ಲಿ ಬೀಟಾ ಕ್ಯಾರೋಟಿನ್ ತಾನೇ ಒಡೆದು ಕೆಡಿಸುವ ಕಡೆಗೆ ವಾಲುತ್ತದೆ ಅನ್ನುವುದು ಒಂದು. ಇದಕ್ಕಿಂತ ನೀನು ನೆನಪಿಡಬೇಕಾದ್ದು ಬೇರೆ ಇದೆ. ಈ ಆಕ್ಸಿಡೆಂಟ್‌ಗಳು ಬರೀ ಕಸ ಅಲ್ಲ. ಪೆರಾಕ್ಸೈಡ್ ಸ್ವಲ್ಪ ಪ್ರಮಾಣದಲ್ಲಿ ಜೀವಕೋಶಕ್ಕೆ ಸೂಚನೆ ಮುಟ್ಟಿಸುತ್ತದೆ. ಬಿಳಿ ರಕ್ತಕಣ ಸೂಪರಾಕ್ಸೈಡ್ ಮಾಡಲಾರದ ಒಂದು ಹುಟ್ಟು ಕಾಯಿಲೆ ಇದೆ, ಕ್ರಾನಿಕ್ ಗ್ರಾನುಲೋಮೇಟಸ್ ಡಿಸೀಸ್ ಅಂತ. ಆ ಮಕ್ಕಳಿಗೆ ಸೋಂಕಿನ ಮೇಲೆ ಸೋಂಕು. ಆಕ್ಸಿಡೆಂಟನ್ನೆಲ್ಲ ಗುಡಿಸಿ ಹಾಕುವುದು ಆರೋಗ್ಯ ಆಗಿದ್ದರೆ ಅವರು ನಮಗಿಂತ ಗಟ್ಟಿ ಇರಬೇಕಿತ್ತು.

ಇನ್ನೂ ಒಂದು. ಆಕ್ಸಿಡೇಟಿವ್ ಸ್ಟ್ರೆಸ್ ಸ್ವಲ್ಪ ಏರಿದ ಕೂಡಲೇ ಜೀವಕೋಶವೇ ಎಚ್ಚರಾಗುತ್ತದೆ. ಎನ್‌ಆರ್‌ಎಫ್-2 ಅನ್ನುವ ಪ್ರೋಟೀನ್ ನ್ಯೂಕ್ಲಿಯಸ್ಸಿಗೆ ಹೋಗಿ ಗ್ಲುಟಥಯೋನ್ ಮಾಡುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಅದಕ್ಕೂ ಮೀರಿದರೆ ಉರಿಯೂತ, ಅದಕ್ಕೂ ಮೀರಿದರೆ ಜೀವಕೋಶದ ಸಾವು. ಮೊದಲ ಮೆಟ್ಟಿಲಲ್ಲೇ ಮೈ ತನ್ನ ರಕ್ಷಣೆ ತಾನೇ ಮಾಡಿಕೊಳ್ಳುತ್ತದೆ, ಧೂಳು ನಿಂತರೆ ಮಾತ್ರ. ಬುಟ್ಟಿಗಟ್ಟಲೆ ಧೂಳು ಹೋಗುತ್ತಿರುವಾಗ ಒಂದು ಮಾತ್ರೆ ಎಲ್ಲಿ ಸಾಲುತ್ತದೆ? ಪೇರಲ, ನೆಲ್ಲಿಕಾಯಿ, ಸೊಪ್ಪು, ಮೊಟ್ಟೆ ಧಾರಾಳವಾಗಿ ತಿನ್ನಲಿ. ಬಾಟಲಿಯಲ್ಲಿ ‘ಆಂಟಿ-ಆಕ್ಸಿಡೆಂಟ್ ಜ್ಯೂಸ್’ ಅಂತ ಸಾವಿರಾರು ರೂಪಾಯಿಗೆ ಮಾರುವವರು ನಮ್ಮ ಬೀದಿಗೂ ಬಂದಿದ್ದರು. ನಾನು ಈ ಎರಡು ಪ್ರಯೋಗದ ಕಥೆ ಶುರು ಮಾಡಿದೆ, ಬ್ಯಾಗ್ ಎತ್ತಿಕೊಂಡು ಹೊರಟುಹೋದರು.

ಪ್ರಶ್ನೆ: ನಾನು ವೆಲ್ಡರ್. ಕೆಲಸ ಮುಗಿದ ಮೇಲೆ ಬೆಲ್ಲ ತಿಂದು ಹಾಲು ಕುಡಿದರೆ ಹೊಗೆ ಇಳಿದು ಹೋಗುತ್ತೆ ಅಂತ ನಮ್ಮ ಮೇಸ್ತ್ರಿ ಹೇಳ್ತಾರೆ. ಹೌದಾ?
(ಪಿ.ಬಿ. ರಸ್ತೆ, ದಾವಣಗೆರೆ)

ಉತ್ತರ: ಹಾಲು, ಬೆಲ್ಲ ಹೋಗುವುದು ಹೊಟ್ಟೆಗೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಲ್ಲದ ಬಗ್ಗೆ ಪೂರ್ತಿ ತಮಾಷೆಯೂ ಮಾಡುವಂತಿಲ್ಲ. ಲಖನೌದ ಇಂಡಸ್ಟ್ರಿಯಲ್ ಟಾಕ್ಸಿಕಾಲಜಿ ರಿಸರ್ಚ್ ಸೆಂಟರಿನವರು ಇಲಿಗಳ ಮೇಲೆ ಪರೀಕ್ಷೆ ಮಾಡಿ, ಬೆಲ್ಲ ತಿಂದ ಇಲಿಗಳಲ್ಲಿ ಕಲ್ಲಿದ್ದಲ ಧೂಳು ಶ್ವಾಸಕೋಶದಿಂದ ಬೇಗ ಸರಿಯಿತು ಅಂತ 1994ರಲ್ಲಿ ಪ್ರಕಟಿಸಿದ್ದರು. ಆದರೆ ಅದು ಇಲಿ, ಅದು ಕಲ್ಲಿದ್ದಲು. ನಿಮ್ಮ ಮುಂದೆ ಏಳುವುದು ಲೋಹದ ಹೊಗೆ. ವೆಲ್ಡಿಂಗ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ತೀರ್ಮಾನಿಸಿದೆ. ಸ್ಟೇನ್‌ಲೆಸ್ ಸ್ಟೀಲ್ ಗೇಟ್, ರೇಲಿಂಗ್ ಮಾಡುವಾಗ ಜಾಸ್ತಿ ಎಚ್ಚರ ಬೇಕು. ಅದರಲ್ಲಿ ಕ್ರೋಮಿಯಂ ಇರುತ್ತದೆ. ಅದರ ಒಂದು ರೂಪ ಜೀವಕೋಶದೊಳಗೆ ಸುಲಭವಾಗಿ ನುಗ್ಗಿ, ನಮ್ಮದೇ ವಿಟಮಿನ್ ಸಿ, ಗ್ಲುಟಥಯೋನ್ ಜೊತೆ ಸೇರಿ ಬದಲಾಗುವಾಗ ಡಿಎನ್‌ಎ ಕೆಡಿಸುತ್ತದೆ. ಸತು ಲೇಪಿಸಿದ ಜಿಐ ಶೀಟ್ ಸುಟ್ಟ ದಿನ ಸಂಜೆ ಚಳಿಜ್ವರ ಬಂದು ಮಾರನೇ ದಿನ ಬಿಟ್ಟುಹೋಗಿದ್ದರೆ ಅದು ಮಲೇರಿಯಾ ಅಲ್ಲ, ಸತುವಿನ ಹೊಗೆ. ಹಾಲು ಕುಡಿಯಿರಿ, ಬೇಡ ಅನ್ನಲ್ಲ. ಶೆಡ್ಡಿನ ಒಳಗೆ ಕೂತು ವೆಲ್ಡ್ ಮಾಡುವ ಬದಲು ಬಯಲಿಗೆ ಬನ್ನಿ, ಹೊಗೆಗೆ ಮುಖ ಬಗ್ಗಿಸದೆ ಪಕ್ಕದಿಂದ ಕೂರಿ, ಗಾಳಿ ಬೆನ್ನ ಕಡೆಯಿಂದ ಬೀಸುವ ಹಾಗೆ ಫ್ಯಾನ್ ಇಡಬೇಡಿ. ಹೊಗೆ ಮುಖದ ಮುಂದೆಯೇ ಸುತ್ತುತ್ತದೆ. ಪಕ್ಕದಿಂದ ಇಡಿ. ಎನ್-95 ಮಾಸ್ಕ್ ಶೀಲ್ಡಿನ ಒಳಗೆ ಹಿಡಿಸುತ್ತದೆ.

ಪ್ರಶ್ನೆ: ಬೈಕ್ ಮೆಕ್ಯಾನಿಕ್ ನಾನು. ಗ್ರೀಸ್ ಕೈ ಪೆಟ್ರೋಲಲ್ಲೇ ತೊಳೆಯೋದು. ಪಕ್ಕದಲ್ಲೇ ಟ್ಯಾಂಕ್ ಪೇಂಟಿಂಗ್ ನಡೆಯುತ್ತೆ. ಕೊರೊನಾ ಟೈಮಿಂದ ಎನ್-95 ಹಾಕ್ತೀನಿ. ಸಾಕಲ್ವಾ?
(ಚಳ್ಳಕೆರೆ)

ಉತ್ತರ: ಸಾಲದು. ಎನ್-95 ಕಣಗಳನ್ನು ಹಿಡಿಯುತ್ತದೆ, ಆವಿಯನ್ನು ಅಲ್ಲ. ಮಾಸ್ಕ್ ಹಾಕಿಕೊಂಡೂ ಥಿನ್ನರ್ ವಾಸನೆ ಬರುತ್ತಿದೆಯಾ? ಹಾಗಾದರೆ ಥಿನ್ನರ್ ಒಳಗೆ ಹೋಗುತ್ತಿದೆ. ಅದಕ್ಕೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕೇ ಬೇಕು. ಕಾರ್ಟ್ರಿಜ್ಜನ್ನು ಆಗಾಗ ಬದಲಿಸಲೂ ಬೇಕು.

ಪೆಟ್ರೋಲ್ ಕೈಗೆ ಹಾಕುವುದನ್ನು ಮಾತ್ರ ಇವತ್ತೇ ಬಿಡಿ. ಈಗಿನ ಬಿಎಸ್-6 ಪೆಟ್ರೋಲಿನಲ್ಲೂ ಶೇ 1ರ ತನಕ ಬೆಂಜೀನ್ ಇರಬಹುದು. ಅದು ಚರ್ಮದಿಂದಲೂ ಒಳಗೆ ಹೋಗುತ್ತದೆ, ಉಸಿರಿಂದಲೂ ಹೋಗುತ್ತದೆ. ಬೆಂಜೀನ್ ಬಂದ ರೂಪದಲ್ಲೇ ಇದ್ದಿದ್ದರೆ ಇಷ್ಟು ಕಾಟ ಕೊಡುತ್ತಿರಲಿಲ್ಲ. ಅದನ್ನು ಹೊರಹಾಕಲು ಹೊರಟ ಲಿವರ್, ಫೀನಾಲ್, ಹೈಡ್ರೋಕ್ವಿನೋನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅವು ಮೂಳೆಯ ಮಜ್ಜೆಗೆ ಹೋಗುತ್ತವೆ. ಅಲ್ಲಿನ ಒಂದು ಕಿಣ್ವ ಅವನ್ನು ಬೆಂಜೋಕ್ವಿನೋನ್ ಮಾಡುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಹೇಳಿದ ಕ್ವಿನೋನ್ ಗುಂಪೇ ಇದು. ರಕ್ತ ಹುಟ್ಟುವ ಜಾಗದಲ್ಲೇ ಕೂತು ಕೆಡಿಸುತ್ತದೆ. ರಕ್ತದ ಕ್ಯಾನ್ಸರಿಗೂ ಬೆಂಜೀನಿಗೂ ನಂಟು ಇರುವುದು ಹೀಗೆ. ಲಿವರ್‌ನಲ್ಲಿ ಈ ಕೆಲಸ ಶುರು ಮಾಡುವ ಕಿಣ್ವವನ್ನು ಹೆಂಡ ಹೆಚ್ಚಿಸುತ್ತದೆ. ಸಂಜೆಯ ಕ್ವಾರ್ಟರ್ ಬಗ್ಗೆ ನೀವು ಏನೂ ಬರೆದಿಲ್ಲ, ನಾನೂ ಕೇಳುವುದಿಲ್ಲ. ಗ್ರೀಸಿಗೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಪಾತ್ರೆ ಸೋಪು ಮತ್ತು ಮರದ ಹೊಟ್ಟು ಹಾಕಿ ತೊಳೆಯಿರಿ. ವರ್ಷಕ್ಕೊಮ್ಮೆ ರಕ್ತದ ಸಿಬಿಸಿ ಮಾಡಿಸಿ.

ಪ್ರಶ್ನೆ: ಮೆಕ್ಕೆಜೋಳದ ಸಾಲಿನ ಮಧ್ಯೆ ಪ್ಯಾರಾಕ್ವಾಟ್ ಕಳೆನಾಶಕ ಹೊಡೀತೀವಿ. ಎಲೆ ಒಂದೇ ದಿನಕ್ಕೆ ಸುಟ್ಟ ಹಾಗೆ ಆಗುತ್ತೆ. ನಮ್ಮ ಮೈಗೂ ಹಾಗೇ ಆಗುತ್ತಾ?
(ಜಗಳೂರು)

ಉತ್ತರ: ಎಲೆಯಲ್ಲಿ ಏನು ಮಾಡುತ್ತದೋ ಶ್ವಾಸಕೋಶದಲ್ಲೂ ಅದನ್ನೇ ಮಾಡುತ್ತದೆ. ಆಕ್ಸಿಡೇಟಿವ್ ಸ್ಟ್ರೆಸ್‌ಗೆ ಇದಕ್ಕಿಂತ ನೇರ ಉದಾಹರಣೆ ನನ್ನ ಪಾಠದಲ್ಲೂ ಇರಲಿಲ್ಲ. ಎಲೆಕ್ಟ್ರಾನ್ ಕಿತ್ತುಕೊಂಡು ಆಮ್ಲಜನಕಕ್ಕೆ ಕೊಡುತ್ತದೆ, ಸೂಪರಾಕ್ಸೈಡ್ ಹುಟ್ಟುತ್ತದೆ, ಅದು ಮತ್ತೆ ಮೊದಲಿನ ಹಾಗೆ. ಖರ್ಚಾಗುವುದೇ ಇಲ್ಲ. ಹೊಟ್ಟೆಗೆ ಹೋದರೂ ಅದು ರಕ್ತದಿಂದ ಹುಡುಕಿಕೊಂಡು ಬಂದು ಸೇರುವುದು ಶ್ವಾಸಕೋಶದಲ್ಲೇ. ಅಲ್ಲಿನ ಜೀವಕೋಶಗಳು ಪಾಲಿಅಮೀನ್ ಅನ್ನುವ ಬೇರೆ ವಸ್ತುವೆಂದು ತಿಳಿದು ಇದನ್ನು ಒಳಗೆ ಎಳೆದುಕೊಳ್ಳುತ್ತವೆ. ಇದಕ್ಕೆ ಪ್ರತಿವಿಷ ಇಲ್ಲ. ಉಸಿರಾಟ ಕಷ್ಟ ಅಂತ ಆಮ್ಲಜನಕ ಜಾಸ್ತಿ ಕೊಟ್ಟರೆ ಅದಕ್ಕೇ ಇನ್ನಷ್ಟು ಸೌದೆ ಹಾಕಿದಂತಾಗುತ್ತದೆ. ಡಾಕ್ಟರುಗಳು ಕೈ ಹಿಸುಕಿಕೊಳ್ಳುವುದು ಅದಕ್ಕೇ.

ಸಿಂಪಡಿಸುವಾಗ ಉಸಿರಿಂದ ಹೋಗುವುದಕ್ಕಿಂತ, ಸೋರುವ ಕ್ಯಾನಿನಿಂದ ಬೆನ್ನು ನೆನೆದು, ಗಾಯ ಇರುವ ಚರ್ಮದಿಂದ ಹೋಗುವುದು ದೊಡ್ಡ ಅಪಾಯ. ವಾಷರ್ ಹಾಳಾದ ಪಂಪನ್ನು ಬೆನ್ನಿಗೆ ಹಾಕಬೇಡಿ. ಮೈ ನೆನೆದರೆ ಸಾಲು ಮುಗಿಸಿ ಬರ್ತೀನಿ ಅನ್ನದೆ ಅಲ್ಲೇ ಬಟ್ಟೆ ಬಿಚ್ಚಿ ಸೋಪಿನಿಂದ ತೊಳೆಯಿರಿ. ಕೂಲ್ ಡ್ರಿಂಕ್ಸ್ ಬಾಟಲಿಗೆ ಸುರಿದಿಡುವ ಅಭ್ಯಾಸವಂತೂ ಬೇಡವೇ ಬೇಡ. ಯಾರಾದರೂ ಒಂದು ಗುಟುಕು ಕುಡಿದರೆ, ಏನೂ ಆಗಿಲ್ಲ ಅನ್ನಿಸಿದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಿ, ಡಬ್ಬಿ ಜೊತೆಗಿರಲಿ. ನನ್ನನ್ನು ಕೇಳಿದರೆ ಕುಂಟೆ ಹೊಡೆಯಿರಿ ಅನ್ನುತ್ತೇನೆ. ಕೂಲಿಯಾಳು ಸಿಗಲ್ಲ ಅಂತೀರಿ, ಅದೂ ಗೊತ್ತು.

ಪ್ರಶ್ನೆ: ದಾವಣಗೆರೆ ಗಾಳಿ ಗುಣಮಟ್ಟ ‘ಸಮಾಧಾನಕರ’ ಅಂತ ಪೇಪರಲ್ಲಿ ಬರುತ್ತೆ. ಸುಮ್ನೆ ಹೆದರಿಸ್ತೀರಾ ಮೇಡಂ?
(ವಿದ್ಯಾನಗರ, ದಾವಣಗೆರೆ)

ಉತ್ತರ: 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಶುದ್ಧ ಗಾಳಿ ಯೋಜನೆಯ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮ ದಾವಣಗೆರೆಯೂ ಇದೆ. ಮಾನದಂಡ ಮೀರಿದ್ದಕ್ಕೇ ಸೇರಿಸಿದ್ದು. 2.5 ಮೈಕ್ರಾನ್ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅದಿರಲಿ, ಪೇಪರಿಗೆ ಲೆಕ್ಕ ಕೊಡುವ, ಗಾಳಿ ಅಳೆಯುವ ಮೆಷಿನ್ ಇಟ್ಟಿರುವುದು ಊರಿನ ಬಯಲು ಗಾಳಿಯಲ್ಲಿ. ಭಟ್ಟಿಯ ಒಳಗೆ, ಕ್ರಷರ್ ಬುಡದಲ್ಲಿ, ಪೇಂಟಿಂಗ್ ಶೆಡ್ಡಿನಲ್ಲಿ ಯಾರೂ ಮೆಷಿನ್ ಇಟ್ಟಿಲ್ಲ.

ಪ್ರಶ್ನೆ: ಹತ್ತಿ ಮಿಲ್ಲಿನಲ್ಲಿದ್ದಾಗ ವಾರದ ರಜೆ ಮುಗಿಸಿ ಹೋದ ದಿನವೇ ಎದೆ ಬಿಗಿಯುತ್ತಿತ್ತು, ಆಮೇಲೆ ಸರಿ ಹೋಗುತ್ತಿತ್ತು. ಕೆಲಸಗಳ್ಳ ಅಂತ ಬೈತಿದ್ದರು. ಅದು ಏನಾಗಿತ್ತು?
(ನಿವೃತ್ತ ಮಿಲ್ ಕಾರ್ಮಿಕ, ದಾವಣಗೆರೆ)

ಉತ್ತರ: ಸ್ವಾಮಿ, ನಮ್ಮ ಅಪ್ಪನೂ ಮಿಲ್ಲಿನ ಕಾರ್ಡಿಂಗ್ ಡಿಪಾರ್ಟ್‌ಮೆಂಟಿನಲ್ಲಿದ್ದರು. ಕಾರ್ಡಿಂಗ್‌ನಲ್ಲೇ ಹತ್ತಿ ಧೂಳು ಜಾಸ್ತಿ. ರೆಪ್ಪೆಯ ಮೇಲೂ ಹತ್ತಿ ಹಚ್ಚಿಕೊಂಡು ಮನೆಗೆ ಬರುತ್ತಿದ್ದರು. ರಜೆಯ ಮಾರನೇ ದಿನ ಎದೆ ಒತ್ತಿ ಹಿಡಿದುಕೊಂಡು ಕೂರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನೀವು ಕಳ್ಳರಲ್ಲ. ಅದಕ್ಕೆ ಬಿಸಿನೋಸಿಸ್ ಅನ್ನುತ್ತಾರೆ, ರಜೆಯ ಮರುದಿನ ಬಿಗಿಯುವುದೇ ಅದರ ಗುರುತು. ತಪ್ಪು ಹತ್ತಿಯ ನಾರಿನದ್ದಕ್ಕಿಂತ ಹತ್ತಿ ಗಿಡದ ಎಲೆಚೂರಿನ ಮೇಲಿರುವ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್‌ದು. ಬಿಳಿ ರಕ್ತಕಣಗಳು ಅದನ್ನು ಕಂಡರೆ ಕೆರಳುತ್ತವೆ. ಈಗ ಉಸಿರು ಕಟ್ಟುತ್ತಿದ್ದರೆ ಒಮ್ಮೆ ಊದಿಸಿ ನೋಡಿಸಿ. ಜಿನ್ನಿಂಗ್‌ನಲ್ಲಿ ಈಗಲೂ ದುಡಿಯುವ ಹುಡುಗರು ಗೊತ್ತಿದ್ದರೆ ಅವರಿಗೂ ಹೇಳಿ.

ಪ್ರಶ್ನೆ: ಯಜಮಾನರ ಕೆಲಸದ ಬಟ್ಟೆ ಮಕ್ಕಳ ಬಟ್ಟೆ ಜೊತೆ ಒಗೆಯಬಹುದಾ? ಅವರು ಟೈಲ್ಸ್, ಗ್ರಾನೈಟ್ ಕಟಿಂಗ್ ಮಾಡ್ತಾರೆ.
(ಹೊಳಲ್ಕೆರೆ)

ಉತ್ತರ: ಬೇಡ. ಅದಕ್ಕಿಂತ ಮುಖ್ಯ, ಒಗೆಯುವ ಮೊದಲು ಬಾಗಿಲಲ್ಲಿ ನಿಂತು ಕೊಡವಬೇಡಿ. ಕೊಡವಿದ ಧೂಳು ಮೊದಲು ಸಿಗುವುದು ನಿಮ್ಮ ಮೂಗಿಗೆ. ಆಸ್‌ಬೆಸ್ಟಾಸ್ ಕಾರ್ಖಾನೆ ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೆ ಕ್ಯಾನ್ಸರ್ ಬಂದ ಉದಾಹರಣೆಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ನಿಮ್ಮ ಯಜಮಾನರು ಬಟ್ಟೆಯನ್ನು ಹೊರಗೇ ಬಿಚ್ಚಿ, ನೀರು ತುಂಬಿದ ಬೇರೆ ಬಕೆಟ್ಟಿಗೆ ನೇರ ಮುಳುಗಿಸಲಿ. ಸ್ನಾನ ಆಮೇಲೆ ಊಟ. ನೆನೆದ ಬಟ್ಟೆ ಒಗೆದು, ಆ ನೀರನ್ನು ಅಂಗಳಕ್ಕೆ ಚೆಲ್ಲದೆ ಚರಂಡಿಗೆ ಬಿಡಿ. ಅಂಗಳದಲ್ಲಿ ಒಣಗಿದರೆ ಗುಡಿಸುವಾಗ ಮತ್ತೆ ಅದೇ ಧೂಳು. ಕಟಿಂಗ್ ಮೆಷಿನ್ನಿನ ಬ್ಲೇಡಿಗೆ ನೀರು ಬಿಡುವ ಪೈಪ್ ಸಿಗುತ್ತದೆ, ಅದನ್ನು ಹಾಕಿಸಲು ಹೇಳಿ, ಕರೆಂಟ್ ಸೋರಿದರೆ ತಾನಾಗೇ ಕಡಿತವಾಗುವಂತೆ ಪ್ಲಗ್ಗಿಗೆ ಆರ್‌ಸಿಸಿಬಿ ಇರಲಿ. ಬ್ಯಾಟರಿ ಅಂಗಡಿ, ಹಳೇ ಪೇಂಟ್ ಕೆರೆಯುವ ಕೆಲಸದವರ ಬಟ್ಟೆಗೂ ಇದೇ ಲೆಕ್ಕ, ಅವುಗಳಲ್ಲಿ ಸೀಸ ಇರುತ್ತದೆ.